ನೀರಿಗಿಳಿದವನ ಪಾಲು

ಹಕ್ಕಿ ಹೊಡೆಯುವುದು ಪಾಪವೋ ಅಲ್ಲವೋ ಎಂದು ವಾದ ಮಾಡುವ ಮೊದಲು, ಹೊಡೆದ ಹಕ್ಕಿಯನ್ನು ನೀರಿನಿಂದ ಎತ್ತಿ ತಂದವನು ಯಾರು ಎಂದು ಕೇಳಬೇಕು. ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಜಡಿಮಳೆಯಲ್ಲಿ, ಎದೆಮಟ್ಟ ನೀರಿನಲ್ಲಿ, ಇನ್ನೂ ಜೀವ ಇದ್ದ ಒಂದು ಬಾತನ್ನು ಕೈಯಲ್ಲಿ ಹಿಡಕೊಂಡು ನಿಂತಿದ್ದಾಗ ಬಂದದ್ದು.

ಅದು ೨೦೨೨. ಹಿರಿಯೂರಿನ ವಾಣಿವಿಲಾಸ ಸಾಗರ ೧೯೩೩ರ ನಂತರ ಮೊದಲ ಸಲ ಕೋಡಿ ಬಿದ್ದ ವರ್ಷ. ನಮ್ಮೂರ ಕೆರೆಯೂ ಕೋಡಿ ಬಿತ್ತು. ನಾನು ಹುಟ್ಟಿದ ಮೇಲೆ ಆ ಕೆರೆ ತುಂಬಿದ್ದನ್ನು ಕಂಡದ್ದು ಅದೇ ಮೊದಲು. ಅಲ್ಲಿಯವರೆಗೆ ಕೆರೆ ಅಂದರೆ ನಮಗೆ ಜಾಲಿ ಬೆಳೆದ ಬಯಲು, ಕ್ರಿಕೆಟ್ ಆಡುವ ಜಾಗ. ಊರಿನವರು ಬಾಗಿನ ಬಿಟ್ಟರು. ನಮ್ಮ ಕೇರಿಯವರು ಮುಂದೆ ತಮಟೆ ಬಡಿದರು. ನೀರಿನ ಹಿಂದೆಯೇ ಹಕ್ಕಿಗಳು ಬಂದವು. ಗುಳುಮುಳುಕ ಬಂತು, ನೀರುಕೋಳಿ ಬಂತು, ಹಣೆಯ ಮೇಲೆ ಬಿಳಿ ನಾಮ ಎಳಕೊಂಡ ನಾಮದ ಕೋಳಿ ಬಂತು, ಕತ್ತಲಾಗುವ ಹೊತ್ತಿಗೆ ಸಿಳ್ಳೆ ಹಾಕುತ್ತಾ ಹಿಂಡಾಗಿ ಇಳಿಯುವ ಸಿಳ್ಳೆಬಾತು ಬಂತು.

ಚಿತ್ತೆ ಮಳೆ ಹಿಡಿದು ಮೂರನೇ ದಿನ ನಾವು ನಾಲ್ಕು ಜನ ಕೆರೆ ಏರಿ ಮೇಲೆ ಹೋದೆವು. ಗೌಡರ ಮಗ, ತಾಲ್ಲೂಕು ಕಾಲೇಜಿನಲ್ಲಿ ನನ್ನ ಜೊತೆ ಬಿ.ಎ. ಓದಿದವನು. ಅವರ ಟ್ರ್ಯಾಕ್ಟರ್ ಓಡಿಸುವ ಕುರುಬರ ಹುಡುಗ. ಊರಿನ ಶಾಲೆಗೆ ಹೊಸದಾಗಿ ಬಂದಿದ್ದ ಮೇಷ್ಟ್ರು. ಮತ್ತೆ ನಾನು. ಕೋವಿ ಗೌಡರ ಮನೆಯದು. ಜೋಡಿ ನಳಿಗೆ. ಬೆಳೆ ಕಾಯೋದಕ್ಕೆ ಅಂತ ಲೈಸೆನ್ಸು.

"ಬಾರ್ಲಾ ಮಗಾ, ಮಳೆಯಾಗೆ ಹಕ್ಕಿ ಏಳಲ್ಲ, ಕುಂತಲ್ಲೇ ಕುಂತಿರ್ತವೆ. ಇಂಥ ದಿನ ಇನ್ನೊಂದು ಸಿಗಲ್ಲ" ಅಂತ ಅವನೇ ಫೋನ್ ಮಾಡಿ ಕರೆದಿದ್ದ. ಕಾಲೇಜಿನಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು 'ಮಗಾ'. ಊರ ಬಸ್‌ಸ್ಟಾಂಡಿನಲ್ಲಿ ಇಳಿದ ಕೂಡಲೆ ನನ್ನ ಬಾಯಲ್ಲಿ ಅದು 'ಅಣ್ಣಾ' ಆಗುತ್ತದೆ. ಹಾಗೆ ಕರಿ ಅಂತ ಅವನು ಯಾವತ್ತೂ ಅಂದಿಲ್ಲ. ಕರೀಬೇಡ ಅಂತಲೂ ಅಂದಿಲ್ಲ.

ಮೊದಲ ಈಡಿಗೆ ಒಂದು ಸಿಳ್ಳೆಬಾತು ಬಿತ್ತು. ಜೊಂಡಿನ ಪಕ್ಕದಲ್ಲಿ ನೀರಿನ ಮೇಲೆ ಒಂದು ರೆಕ್ಕೆ ಬಡಿಯುತ್ತಾ ಸುತ್ತುತ್ತಿತ್ತು. ಮಳೆ ಸುರಿಯುತ್ತಿತ್ತು. ಯಾರೂ ಅಲುಗಲಿಲ್ಲ. ಆಮೇಲೆ ಮೂವರೂ ನನ್ನ ಕಡೆ ನೋಡಿದರು. ಗೌಡರ ಮಗ ನಗುತ್ತಲೇ ಅಂದ, "ನಿಮ್ಮ ತಾತ ನೀರುಗಂಟಿ ಅಲ್ವೇನ್ಲಾ, ಕೆರೆ ನಿಂಗೆ ಗೊತ್ತು, ಇಳಿ." ಬೈಗುಳ ಅಲ್ಲ. ಅಪ್ಪಣೆಯೂ ಅಲ್ಲ. ಹೊಗಳಿಕೆ ಥರಾನೇ ಇತ್ತು. ನಾನು ಪ್ಯಾಂಟು ಬಿಚ್ಚಿಟ್ಟು ಇಳಿದೆ.

ಆ ಕೆರೆ ನನಗೆ ಗೊತ್ತಿರಲಿಲ್ಲ ಗೆಳೆಯರೇ. ಅದರಲ್ಲಿ ನೀರು ನೋಡಿದ್ದೇ ಆ ವರ್ಷ. ನನಗಿಂತ ಚೆನ್ನಾಗಿ ಅದನ್ನು ಬಲ್ಲವನು ಅವನೇ. ಕೆರೆ ಅಂಗಳದಲ್ಲಿ ಅವರದೇ ಒತ್ತುವರಿ ಇತ್ತು. ಆದರೂ ಇಳಿದೆ. ಕೆಳಗೆ ಜಾಲಿ ಮುಳ್ಳು, ಹೂಳು. ಹಕ್ಕಿ ಹತ್ತಿರ ಹೋದಾಗ ಅದು ಮುಳುಗಲು ನೋಡಿತು, ಆಗಲಿಲ್ಲ. ಹಿಡಿದೆ. ಬಿಸಿಯಾಗಿತ್ತು. ಮೇಲೆ ಇನ್ನೊಂದು ಸಿಳ್ಳೆ ಹಾಕುತ್ತಾ ಮಳೆಯಲ್ಲೇ ಸುತ್ತು ಹೊಡೆಯುತ್ತಿತ್ತು. ಏರಿ ಮೇಲಿಂದ "ಗೋಣು ತಿರುವಲಾ" ಎಂದು ಕೂಗಿದರು. ತಿರುವಿದೆ.

ಸಂಜೆಯವರೆಗೆ ನಾಲ್ಕು ಬಿದ್ದವು. ನಾಲ್ಕನ್ನೂ ನಾನೇ ತಂದೆ. ಎರಡನೆಯದಕ್ಕೆ ಯಾರೂ ಹೇಳಬೇಕಾಗಿರಲಿಲ್ಲ, ಈಡು ಕೇಳಿದ ಕೂಡಲೆ ನನ್ನ ಕಾಲು ತಾನೇ ನೀರಿಗೆ ಹೋಯಿತು. ಮೇಷ್ಟ್ರು ಕೊಡೆ ಹಿಡಿದು ನಿಂತು ಪ್ರತಿ ಸಲವೂ "ಛೇ, ಪಾಪ" ಎಂದರು. ಪೂರ್ತಿ ನೋಡಿಕೊಂಡೇ ಹೋದರು. ಅವರು ತಿನ್ನುವವರಲ್ಲ. ನಾವು ಮೂವರು ಪಂಪ್‌ಸೆಟ್ ಮನೆಯಲ್ಲಿ ಬೇಯಿಸಿದೆವು. ಉಣ್ಣುವ ಹೊತ್ತಿಗೆ ಗೌಡರ ಮಗ ಒಂದು ಹಕ್ಕಿ ತೆಗೆದು ನ್ಯೂಸ್‌ಪೇಪರಲ್ಲಿ ಸುತ್ತಿ ಕೊಟ್ಟ. "ನೀನು ಮನೇಗೇ ತಗಂಡೋಗು, ಅವ್ವ ಮಾಡ್ತಾಳೆ." ಪ್ರೀತಿಯೋ, ಜೊತೆಗೆ ಕೂತು ಉಣ್ಣೋದು ಬೇಡ ಅಂತಲೋ? ಇವತ್ತಿಗೂ ನನಗೆ ಬಗೆಹರಿದಿಲ್ಲ. ಅವನಿಗೂ ಬಗೆಹರಿದಿರಲಿಕ್ಕಿಲ್ಲ. ನಮ್ಮ ಕಾಲದ ಜಾತಿ ಹೀಗೇ ಇದೆ. ಅವಮಾನ ಆಯಿತೋ ಇಲ್ಲವೋ ಅನ್ನೋದನ್ನೂ ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಅವ್ವ ಹಕ್ಕಿಯನ್ನು ಬಿಚ್ಚಿ ನೋಡಿ ಒಂದೇ ಮಾತು ಕೇಳಿದಳು: "ಮರಿ ಇದ್ವೇನೋ?"

ನಾನು ನೋಡಿರಲಿಲ್ಲ. ಸಿಳ್ಳೆಬಾತು ಮಳೆಗಾಲದಲ್ಲೇ ಮರಿ ಮಾಡುತ್ತದೆ. ಮರಿ ಸಾಕುವುದರಲ್ಲಿ ಗಂಡು ಹೆಣ್ಣು ಎರಡೂ ಸೇರುತ್ತವೆ. ನಮ್ಮ ತಾತ ನೀರುಕೋಳಿಗೆ ಉರುಲು ಹಾಕುತ್ತಿದ್ದನಂತೆ. ಮನೆಯಲ್ಲಿ ಹಿಟ್ಟಿಲ್ಲದ ದಿನ ಹಾಕುತ್ತಿದ್ದ, ಮರಿ ಜೊತೆ ಓಡಾಡುವ ಹಕ್ಕಿ ಸಿಕ್ಕಿದರೆ ಬಿಟ್ಟು ಬರುತ್ತಿದ್ದ. ಅವ್ವ ಅದನ್ನು ನೀತಿಪಾಠದ ಥರ ಹೇಳಲಿಲ್ಲ. ಸಾರು ಮಾಡಿದಳು. ನಾವು ಉಂಡೆವು. ರುಚಿಯಾಗಿತ್ತು ಎನ್ನುವುದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥ ಇಲ್ಲ.

ಈಗ ಪ್ರಶ್ನೆಗೆ ಬರೋಣ. ಆ ದಿನ ನಡೆದದ್ದರಲ್ಲಿ ತಪ್ಪು ಯಾವುದು?

ಮಾಂಸ ತಿಂದದ್ದು ತಪ್ಪು ಎನ್ನುವವರು ಸಿಕ್ಕೇ ಸಿಗುತ್ತಾರೆ. ಅವರ ಅಹಿಂಸೆ ನಮಗೆ ಗೊತ್ತು. ನಾವು ತಿನ್ನುವ ಅನ್ನ ಕಂಡರೆ ಬಾಡಿಗೆಗೆ ಮನೆ ಕೊಡದ ಅಹಿಂಸೆ ಅದು. ಬಾತುಕೋಳಿಯ ಗೋಣಿಗೆ ಮರುಗುತ್ತದೆ, ಮ್ಯಾನ್‌ಹೋಲಿಗಿಳಿದು ಸತ್ತವನ ಹೆಸರು ಕೇಳುವುದಿಲ್ಲ. ಕೊಡೆ ಹಿಡಿದು ನಿಂತು 'ಪಾಪ' ಎಂದು ಹೇಳಿ ಮನೆಗೆ ಹೋಗಿ ಮಡಿಯಾಗಿ ಮಲಗುವವನು ನಿರಪರಾಧಿ ಅಲ್ಲ, ಬರೀ ಒದ್ದೆಯಾಗದವನು.

ಇನ್ನು ಕಾನೂನು. ಅದರ ಪ್ರಕಾರ ನಾವು ನಾಲ್ವರೂ ಅಪರಾಧದ ಜಾಗದಲ್ಲೇ ಇದ್ದೆವು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದಕ್ಕೆ ೧೯೯೧ರಲ್ಲಿ ಬಂದ ತಿದ್ದುಪಡಿ, ಕಾಡುಹಕ್ಕಿಯ ಬೇಟೆಯನ್ನು ಬಂದ್ ಮಾಡಿವೆ. ಈ ಕಾಯ್ದೆ ಸಡಿಲ ಆಗಲಿ ಎಂದು ನಾನು ಕೇಳುವುದಿಲ್ಲ. ಕೆರೆಗಳು ಹೋಗುತ್ತಿರುವ ಕಾಲದಲ್ಲಿ ಉಳಿದ ಹಕ್ಕಿಗೆ ಕಾವಲು ಬೇಕು. ಆದರೆ ಕಾಯ್ದೆಯ ಕಣ್ಣಿಗೆ ಉರುಲೂ ಬೇಟೆಯೇ, ಕೋವಿಯೂ ಬೇಟೆಯೇ. ಕಾಗದದ ಮೇಲೆ ಸರಿಸಮ. ನೆಲದ ಮೇಲೆ? ಹೆಸರಿನಲ್ಲೇ ಹಕ್ಕಿಯನ್ನು ಹೊತ್ತ ಹಕ್ಕಿಪಿಕ್ಕಿ ಜನರ ಬದುಕು ಆ ಕಾಯ್ದೆಯಿಂದ ಮುರಿಯಿತು. ಹಕ್ಕಿ ಹಿಡಿಯುವ ಕಸುಬು ಬಿಟ್ಟವರು ಗಿಡಮೂಲಿಕೆ ಎಣ್ಣೆ ಹೊತ್ತು ದೇಶ ದೇಶ ತಿರುಗಿದರು. ೨೦೨೩ರ ಏಪ್ರಿಲ್‌ನಲ್ಲಿ ಸುಡಾನಿನ ಯುದ್ಧದ ನಡುವೆ ಸಿಕ್ಕಿಬಿದ್ದ ಕನ್ನಡದ ನೆಲದವರು ಅವರೇ. ಕೋವಿ ಇದ್ದವನಿಗೆ ಬೇಟೆ ಹೋದರೆ ಒಂದು ಮೋಜು ಹೋಯಿತು. ಉರುಲು ಇದ್ದವನಿಗೆ ಬೇಟೆ ಹೋದರೆ ಊಟ ಹೋಯಿತು.

ಕೋವಿಯ ಕಥೆಯೂ ಹಾಗೇ. ೧೮೫೭ರಲ್ಲಿ ಹತಾರ ಒಪ್ಪಿಸಿ ಎಂದು ಕಂಪನಿ ಸರ್ಕಾರ ಹೇಳಿದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರ ಊರನ್ನೇ ಸುಟ್ಟರು. ಬೇಡರ ಕೈಯಿಂದ ಹತಾರ ಹೋಯಿತು. ಯಾರ ಮನೆಯ ಗೋಡೆಯಲ್ಲಿ ಲೈಸೆನ್ಸಿನ ಜೊತೆ ಕೋವಿ ಉಳಿಯಿತು ಎನ್ನುವುದನ್ನು ನಿಮ್ಮ ನಿಮ್ಮ ಊರಿನಲ್ಲೇ ನೋಡಿಕೊಳ್ಳಿ.

ರಾಜಸ್ಥಾನದ ಭರತಪುರಕ್ಕೆ ಬನ್ನಿ. ಅಲ್ಲಿನ ಕೇವಲದೇವ ಜೌಗುಭೂಮಿ ಅಲ್ಲಿನ ಮಹಾರಾಜರ ಬಾತುಬೇಟೆಯ ತಾಣವಾಗಿತ್ತು. ೧೯೩೮ರಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ ೪,೨೭೩ ಹಕ್ಕಿಗಳನ್ನು ಹೊಡೆದರು. ಯಾವತ್ತು ಬೇಟೆ, ಯಾರ ಗೌರವಕ್ಕೆ, ಎಷ್ಟು ಕೋವಿ, ಎಷ್ಟು ಹಕ್ಕಿ ಎಂದು ಅಲ್ಲಿ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ನಾಲ್ಕು ಸಾವಿರದ ಇನ್ನೂರ ಎಪ್ಪತ್ತಮೂರು ಹಕ್ಕಿ ತಾವೇ ನಡೆದು ದಡಕ್ಕೆ ಬಂದವೇ? ಯಾರೋ ನೀರಿಗಿಳಿದಿರಬೇಕು. ಸೊಂಟಮಟ್ಟ ನೀರಿನಲ್ಲಿ ದಿನವೆಲ್ಲ ತಿರುಗಿರಬೇಕು. ಇನ್ನೂ ಬಡಿದಾಡುವ ಎಷ್ಟೋ ಗೋಣುಗಳನ್ನು ತಿರುವಿರಬೇಕು. ಕಲ್ಲಿನ ಮೇಲೆ ಅವರಿಗೆ ಜಾಗ ಇಲ್ಲ.

ಮುಂದೆ ಅದೇ ಜಾಗ ರಾಷ್ಟ್ರೀಯ ಉದ್ಯಾನ ಆಯಿತು. ೧೯೮೨ರಲ್ಲಿ ಅಲ್ಲಿ ದನ ಎಮ್ಮೆ ಮೇಯಿಸುವುದನ್ನು ನಿಲ್ಲಿಸಿದರು. ಸುತ್ತಲ ಹಳ್ಳಿಯವರು ಎದುರು ನಿಂತಾಗ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಆಮೇಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಧ್ಯಯನವೇ ಹೇಳಿತು: ಎಮ್ಮೆ ಮೇಯದ ಮೇಲೆ ಹುಲ್ಲು ನೀರನ್ನೇ ಮುಚ್ಚಿತು, ಹಕ್ಕಿಗಳಿಗೇ ಕಷ್ಟ ಆಯಿತು. ಹಕ್ಕಿ ಕೊಲ್ಲುವಾಗಲೂ ಬಡವ ನೀರಿನಲ್ಲಿ, ಹಕ್ಕಿ ಉಳಿಸುವಾಗಲೂ ಬಡವ ಬೇಲಿಯಾಚೆ. ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬೇರೆ ದಾರಿ ಉಂಟು. ಹೆಜ್ಜಾರ್ಲೆ ಮತ್ತು ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಜನ ಅವನ್ನು ಊರ ಹೆಣ್ಣುಮಕ್ಕಳು ತವರಿಗೆ ಬಂದ ಹಾಗೆ ನೋಡಿಕೊಳ್ಳುತ್ತಾರೆ, ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡುತ್ತಾರೆ. ಅದನ್ನು ಯಾವ ಕಲ್ಲಿನಲ್ಲೂ ಕೆತ್ತಿಸಿ ಕಲಿಸಿದ್ದಲ್ಲ.

ಹಕ್ಕಿಗೂ ನೀರಿಗೂ ನಮಗೂ ಇರುವ ಸಂಬಂಧ ಹಳೆಯದು. ನೀರುಗಂಟಿ ತಾತ ತೂಬು ಎತ್ತಿ ಊರ ಗದ್ದೆಗೆಲ್ಲಾ ನೀರು ಹಂಚಿದ. ಊರ ಬಾವಿಯ ಒಂದು ಚೆಂಬು ನೀರನ್ನು ತಾನೇ ಸೇದಿ ಕುಡಿಯಲಿಲ್ಲ. ೧೯೨೭ರ ಮಾರ್ಚ್ ೨೦ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದಾಗಲೂ ಇದೇ ಪ್ರಶ್ನೆ. ದನ ಕುಡಿಯಬಹುದಾಗಿದ್ದ, ಹಕ್ಕಿ ಈಜಬಹುದಾಗಿದ್ದ ನೀರನ್ನು ನಮ್ಮವರು ಮುಟ್ಟುವಂತಿರಲಿಲ್ಲ. ಅವರು ಮುಟ್ಟಿದರು. ಊರವರು ಬಡಿದರು, ಆಮೇಲೆ ಕೆರೆಯನ್ನು ಮಂತ್ರ ಹೇಳಿ ಶುದ್ಧ ಮಾಡಿದರು. ಕೋರ್ಟಿನಲ್ಲಿ ಕೊನೆಯ ತೀರ್ಪು ನಮ್ಮ ಕಡೆ ಬರುವ ಹೊತ್ತಿಗೆ ೧೯೩೭.

ಅವರು ಇಳಿದದ್ದು ತಮ್ಮ ಹಕ್ಕಿಗಾಗಿ. ನಾನು ಇಳಿದದ್ದು ಇನ್ನೊಬ್ಬ ಹೊಡೆದ ಹಕ್ಕಿಗಾಗಿ. ಎರಡೂ ಇಳಿಯುವುದೇ. ಮೈ ಎರಡರಲ್ಲೂ ಒದ್ದೆ. ಇದು ಹೊಳೆದ ದಿನ ನನಗೆ ನಿದ್ದೆ ಬರಲಿಲ್ಲ.

ಅಂಬೇಡ್ಕರರು ತಮ್ಮ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ, ೧೯೫೭ರಲ್ಲಿ ಅವರು ತೀರಿಹೋದ ಮೇಲೆ ಪ್ರಕಟವಾದ ಆ ಪುಸ್ತಕದಲ್ಲಿ, ಅಹಿಂಸೆಯ ಬಗ್ಗೆ ಒಂದು ಗೆರೆ ಎಳೆಯುತ್ತಾರೆ. ಕೊಲ್ಲಬೇಕೆಂಬ ಇಚ್ಛೆ ಬೇರೆ, ಕೊಲ್ಲಲೇಬೇಕಾದ ಅಗತ್ಯ ಬೇರೆ. ಬುದ್ಧ ಬೇಡ ಎಂದದ್ದು ಇಚ್ಛೆಯನ್ನು. ಈ ಗೆರೆ ಹಿಡಿದು ನೋಡಿದರೆ ತಾತನ ಉರುಲು ಅಗತ್ಯದ ಕಡೆ, ಗೌಡರ ಮಗನ ಕೋವಿ ಇಚ್ಛೆಯ ಕಡೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನನಗೆ ಸುಖವಾಗಿತ್ತು. ಆದರೆ ನಾನು ಯಾವ ಕಡೆ?

ಆ ಗೋಣು ತಿರುವುವಾಗ ನನಗೆ ಹಸಿವಿರಲಿಲ್ಲ. ಕೊಲ್ಲುವ ಆಸೆಯೂ ಇರಲಿಲ್ಲ. ಹಾಗಾದರೆ ಯಾಕೆ ಕೊಂದೆ? ಗೆಳೆತನ ಉಳಿಯಲಿ ಎಂದು. ಏರಿಯ ಮೇಲಿನ ನಾಲ್ವರಲ್ಲಿ ನಾನೂ ಒಬ್ಬ ಅನ್ನಿಸಿಕೊಳ್ಳಲು. ಹೇಳಿದ್ದನ್ನು ಮಾಡುವ ಅಭ್ಯಾಸ ಮೂಳೆಯಲ್ಲಿ ಕೂತಿದೆ ಎಂದು. ಅಗತ್ಯವೂ ಅಲ್ಲದ, ಇಚ್ಛೆಯೂ ಅಲ್ಲದ ಈ ಮೂರನೆಯ ಕೊಲೆಯೇ ಲೋಕದಲ್ಲಿ ಹೆಚ್ಚು ನಡೆಯುತ್ತದೆ ಅಂತ ನನಗೆ ಅನ್ನಿಸುತ್ತದೆ. ಭರತಪುರದ ನೀರಿನಲ್ಲಿ ನಡೆದದ್ದು ಅದೇ. ಊರ ಜಗಳದಲ್ಲಿ ಒಂದು ಕೇರಿಯವರ ಕೈಗೆ ದೊಣ್ಣೆ ಕೊಟ್ಟು ಇನ್ನೊಂದು ಕೇರಿಗೆ ಕಳಿಸುವುದೂ ಅದೇ. ಇಚ್ಛೆ ಏರಿಯ ಮೇಲೆ ಒಣಗಿಕೊಂಡು ನಿಂತಿರುತ್ತದೆ. ಕೈ ಮಾತ್ರ ನಮ್ಮದು.

"ನೀನು ಶೋಷಿತ, ನಿನ್ನ ತಪ್ಪೇನು?" ಎಂದು ಗೆಳೆಯರು ಕೇಳಬಹುದು. ಕೇಳಿದ್ದಾರೆ ಕೂಡ. ಈ ಮಾತು ತಾತನಿಗೆ ಸಲ್ಲುತ್ತದೆ. ಪಟೇಲರು ಇಳಿ ಎಂದರೆ ಇಳಿಯದಿದ್ದರೆ ಅವನಿಗೆ ಕಾಳಿಲ್ಲ, ಕೆಲಸ ಇಲ್ಲ, ಬೆನ್ನಿಗೆ ಬಾರುಕೋಲು. ನನಗೆ? ನಾನು ಗೌಡರ ಹೊಲದಲ್ಲಿ ಜೀತಕ್ಕಿಲ್ಲ. ನನ್ನ ಜೇಬಿನಲ್ಲಿ ಡಿಗ್ರಿ ಇತ್ತು. "ನೀನೇ ಇಳಿ ಮಗಾ" ಎಂದಿದ್ದರೆ ಹೆಚ್ಚೆಂದರೆ ಒಂದು ಸಂಜೆ ಕೆಡುತ್ತಿತ್ತು. ಅದಕ್ಕೇ ತಾತನ ಪಾಪಕ್ಕಿಂತ ನನ್ನದು ದೊಡ್ಡದು. ಓದಿದ್ದು ನಮಗೆ ಕೊಟ್ಟದ್ದು ಬರೀ ಸಂಬಳವಲ್ಲ, 'ಒಲ್ಲೆ' ಎನ್ನುವ ಅವಕಾಶ. ಆ ಅವಕಾಶವನ್ನು ಬಳಸದೆ ಬಿಟ್ಟವನು ತನ್ನ ಅಜ್ಜನ ಬಡತನವನ್ನು ನೆಪ ಮಾಡಿಕೊಳ್ಳಬಾರದು.

ಇನ್ನೊಂದು ತಪ್ಪೊಪ್ಪಿಗೆ. ಆ ವಾರವೇ ನಾನು ಒಂದು ಪದ್ಯ ಬರೆದೆ. ಅದರಲ್ಲಿ ನಾನೇ ಹಕ್ಕಿ. ಮುರಿದ ರೆಕ್ಕೆ ನನ್ನದು, ಚರೆ ಬಿದ್ದ ಎದೆ ನನ್ನದು. ಜಿಲ್ಲಾ ಕವಿಗೋಷ್ಠಿಯಲ್ಲಿ ಓದಿದೆ, ಚಪ್ಪಾಳೆ ಬಿತ್ತು. ಪದ್ಯ ಸುಳ್ಳು. ನಾನು ಹಕ್ಕಿಯಾಗಿರಲಿಲ್ಲ, ಗೋಣು ತಿರುವಿದ ಕೈಯಾಗಿದ್ದೆ. ನಾವು ಬಂಡಾಯದ ಕವಿಗಳು ಯಾವಾಗಲೂ ಹೊಡೆಸಿಕೊಂಡವನ ಜಾಗದಲ್ಲೇ ನಿಂತು ಬರೆಯುತ್ತೇವೆ. ಬಹಳ ಸಲ ಅದು ನಿಜ. ಕೆಲವು ಸಲ ಅದು ತಪ್ಪಿಸಿಕೊಳ್ಳುವ ದಾರಿ.

ಕಾವ್ಯ ಹುಟ್ಟಿದ್ದೇ ನೀರಿನ ದಡದಲ್ಲಿ ಸತ್ತ ಹಕ್ಕಿಯಿಂದ ಎಂದು ನಮಗೆ ಕಲಿಸಿದ್ದಾರೆ. ತಮಸಾ ನದಿಯ ಹತ್ತಿರ ಜೋಡಿ ಕ್ರೌಂಚದಲ್ಲಿ ಒಂದನ್ನು ಬೇಡನೊಬ್ಬ ಹೊಡೆದ, ವಾಲ್ಮೀಕಿಯ ಶೋಕ ಶ್ಲೋಕವಾಯಿತು. ಆ ಶ್ಲೋಕ ಏನು? ಹಕ್ಕಿಗೆ ಬರೆದ ಚರಮಗೀತೆ ಅಲ್ಲ, ನಿಷಾದನಿಗೆ ಹಾಕಿದ ಶಾಪ. ಅವನಿಗೆ ಹಸಿವಿತ್ತೇ, ಮನೆಯಲ್ಲಿ ಮಕ್ಕಳಿದ್ದರೇ, ಯಾರೂ ಕೇಳಲಿಲ್ಲ. ಅವನಿಗೆ ಹೆಸರೂ ಇಲ್ಲ, ಜಾತಿಯೇ ಹೆಸರು. ಅದೇ ರಾಮಾಯಣದಲ್ಲಿ ಇನ್ನೊಂದು ಬೇಟೆ ಉಂಟು. ಮಳೆಗಾಲದ ಒಂದು ರಾತ್ರಿ ಸರಯೂ ದಡದಲ್ಲಿ ದಶರಥ ಸದ್ದು ಕೇಳಿ ಬಾಣ ಬಿಡುತ್ತಾನೆ. ಆನೆ ನೀರು ಕುಡಿಯುವ ಸದ್ದು ಅಂದುಕೊಂಡದ್ದು, ಹುಡುಗನೊಬ್ಬ ಕೊಡ ತುಂಬುವ ಸದ್ದು. ನಾವು ಶ್ರವಣಕುಮಾರ ಎನ್ನುವ ಆ ಹುಡುಗ ಸಾಯುತ್ತಾ ದೊರೆಗೇ ಸಮಾಧಾನ ಹೇಳುತ್ತಾನೆ: ಬ್ರಹ್ಮಹತ್ಯೆಯ ಭಯ ಬೇಡ, ನಾನು ವೈಶ್ಯನಿಗೆ ಶೂದ್ರ ಹೆಂಗಸಿನಲ್ಲಿ ಹುಟ್ಟಿದವನು. ಶಾಪ ದಶರಥನಿಗೂ ತಟ್ಟಿತು, ಕುರುಡು ತಂದೆಯ ಶಾಪ. ಆದರೆ ಅವನು ದೊರೆಯಾಗಿಯೇ ಬಾಳಿದ. ಎರಡೂ ಬೇಟೆ, ಎರಡೂ ನೀರಿನ ದಡ. ಒಂದು ಕಡೆ ಬೇಟೆಗಾರನ ಇಡೀ ಜಾತಿಗೆ ಕಳಂಕ. ಇನ್ನೊಂದು ಕಡೆ ಸತ್ತವನ ಜಾತಿಯಿಂದಲೇ ಕೊಂದವನ ಪಾಪ ಹಗುರ.

ಹಾಗಾದರೆ ನಮ್ಮ ಕಾವ್ಯ ಎಲ್ಲಿಂದ ಹುಟ್ಟಬೇಕು? ನಿಷಾದನ ಪರವಾಗಿ ಮರುಶಾಪ ಹಾಕಿದರೆ ಸಾಲದು. ಬಾಣ ಹೂಡಿದವನ ಹಸಿವನ್ನೂ, ಬಿದ್ದ ಹಕ್ಕಿಯ ಜೊತೆಗಾತಿಯನ್ನೂ ಒಟ್ಟಿಗೆ ಕಾಣುವ ಕಣ್ಣು ಬೇಕು. ಆ ಕಣ್ಣು ನಮ್ಮಲ್ಲಿ ಇರಲಿಲ್ಲ ಎಂದಲ್ಲ. "ಮರಿ ಇದ್ವೇನೋ?" ಎಂದು ಕೇಳಿ, ಆಮೇಲೆ ಸಾರಿಗಿಟ್ಟ ಅವ್ವನಲ್ಲಿ ಅದು ಇತ್ತು. ಬಿ.ಎ. ಓದಿದ ನನ್ನಲ್ಲಿ ಇರಲಿಲ್ಲ.

ಬುದ್ಧನ ಬಾಲ್ಯದ ಕತೆ ಎಲ್ಲರಿಗೂ ಗೊತ್ತು. ದೇವದತ್ತ ಹೊಡೆದ ಹಕ್ಕಿಯನ್ನು ಸಿದ್ಧಾರ್ಥ ಎತ್ತಿ ಉಳಿಸಿದ. ಹಕ್ಕಿ ಯಾರದು ಎಂದು ಜಗಳ ಬಂತು. ಕೊಂದವನಿಗಿಂತ ಕಾಯ್ದವನಿಗೆ ಹಕ್ಕು ಹೆಚ್ಚು ಎಂದು ತೀರ್ಪಾಯಿತು. ಶಾಲೆಯಲ್ಲಿ ಮೇಷ್ಟ್ರುಗಳು ಈ ಕತೆಯನ್ನು ಎರಡೇ ಪಾತ್ರ ಇಟ್ಟು ಹೇಳುತ್ತಾರೆ. ನನ್ನ ಊರಿನ ಕೆರೆಯಲ್ಲಿ ಮೂರನೆಯವನೂ ಇದ್ದಾನೆ. ಹೊಡೆದವನೂ ಅಲ್ಲ, ಉಳಿಸಿದವನೂ ಅಲ್ಲ, ನೀರಿಗಿಳಿದು ತಂದವನು. ಅವನ ಪಾಲು ಏನು?

ನ್ಯೂಸ್‌ಪೇಪರಲ್ಲಿ ಸುತ್ತಿಕೊಟ್ಟ ಒಂದು ಹಕ್ಕಿ ಅವನ ಪಾಲಲ್ಲ. ಕಲ್ಲಿನ ಮೇಲೆ ಅವನ ಹೆಸರು ಬರೆಸುವುದೂ ಅಲ್ಲ. ಒಂದು ಅರೆಗಳಿಗೆ ಅವನ ಪಾಲು. ಹಕ್ಕಿ ಕೈಯಲ್ಲಿ ಇನ್ನೂ ಬಿಸಿಯಾಗಿರುವ, ಏರಿ ಮೇಲಿಂದ ಕೂಗು ಕೇಳುವ, ಗೋಣು ಇನ್ನೂ ತಿರುಗದ ಆ ಅರೆಗಳಿಗೆ. ಅಷ್ಟು ಹೊತ್ತು ಕೋವಿ ಇದ್ದವನ ಕೈಯಲ್ಲಿ ಏನೂ ಇಲ್ಲ. ಎಲ್ಲಾ ನೀರಿನಲ್ಲಿ ನಿಂತವನ ಕೈಯಲ್ಲಿದೆ. ನಾನು ಅದನ್ನು ಬಿಟ್ಟುಕೊಟ್ಟೆ.

ಮರುವರ್ಷ ಮತ್ತೆ ಫೋನ್ ಬಂತು. ಮಳೆ ಕಮ್ಮಿ, ಆದರೂ ಕೆರೆಯಲ್ಲಿ ನೀರಿತ್ತು. ನಾನು ಎರಡು ಮಾತು ಹೇಳಿದೆ. ಮರಿ ಇರೋ ಕಾಲ, ಹೊಡೀಬೇಡ ಮಗಾ ಅಂದೆ. ನಾನಂತೂ ನೀರಿಗೆ ಇಳಿಯಲ್ಲ ಅಂದೆ. ಮೊದಲನೆಯದಕ್ಕೆ ಅವನು ನಕ್ಕ. ಎರಡನೆಯದಕ್ಕೆ ಸುಮ್ಮನಾದ. ಸ್ವಲ್ಪ ಹೊತ್ತಾದ ಮೇಲೆ "ಬಿಡು, ನೀನು ಈಗ ದೊಡ್ಡ ಸಾಹಿತಿ" ಅಂದ. ಅವನು ಬೇರೆ ಯಾರನ್ನೋ ಕರಕೊಂಡು ಹೋದನೋ, ಹೋಗಲೇ ಇಲ್ಲವೋ, ನಾನು ಕೇಳಲಿಲ್ಲ. ಹೋಗಿದ್ದರೆ ನನ್ನ ಬದಲು ಆ ಕುರುಬರ ಹುಡುಗ ಇಳಿದಿರುತ್ತಾನೆ. ಅವನಿಗೆ ಇಳಿಯಲ್ಲ ಅಂದರೆ ಕೆಲಸ ಹೋಗುತ್ತದೆ.

ಅಂದಮೇಲೆ ನಾನೊಬ್ಬ ಒಲ್ಲೆ ಎಂದದ್ದು ಅರ್ಧ ಕೆಲಸ. ನೀರಿಗಿಳಿಯುವವರೆಲ್ಲ ಕೂಡಿ ಒಲ್ಲೆ ಅನ್ನಬೇಕು. ಆಗ ಕೋವಿ ಇದ್ದವನು ತಾನೇ ಪ್ಯಾಂಟು ಬಿಚ್ಚಿ ಇಳಿಯಬೇಕಾಗುತ್ತದೆ. ಮುಳ್ಳು ತುಳಿಯಬೇಕಾಗುತ್ತದೆ. ಆ ಬಿಸಿ ಮೈಯನ್ನು ತನ್ನ ಕೈಯಲ್ಲೇ ಹಿಡಿಯಬೇಕಾಗುತ್ತದೆ. ಆಮೇಲೂ ಅವನು ಕೊಲ್ಲುತ್ತಾನೋ ಇಲ್ಲವೋ, ಅದು ಅವನ ಆತ್ಮಸಾಕ್ಷಿಗೆ ಬಿಟ್ಟದ್ದು. ಆತ್ಮಸಾಕ್ಷಿ ಅನ್ನೋದು ಅವನಿಗೆ ಮೊದಲ ಸಲ ಬೇಕಾಗುವುದೂ ಅವತ್ತೇ.